ಗಿಟ್ ಗಿಟ್ಟುತ್ತದೆಯೇ?

"ಹೊಸ ಪ್ರಾಜೆಕ್ಟಿಗೆ ಯಾವ ವರ್ಷನ್ ಕಂಟ್ರೋಲ್ ಬಳಸೋಣ?" ಅಂತ ಈಗ ಯಾವ ಇಂಜಿನಿಯರನ್ನಾದರೂ ಕೇಳಿ ನೋಡಿ. ಪ್ರಶ್ನೆ ಮುಗಿಯುವ ಮುಂಚೆಯೇ "ಗಿಟ್" ಅನ್ನುತ್ತಾರೆ. ಯಾಕೆ ಅಂದರೆ "ಎಲ್ಲರೂ ಅದನ್ನೇ ಬಳಸ್ತಾರಲ್ಲ" ಅನ್ನುತ್ತಾರೆ. ಪಕ್ಕದ ಹೊಲದವನು ಅರಿಶಿನ ಹಾಕಿದ ಅಂತ ತಾನೂ ಅರಿಶಿನ ಹಾಕಿ, ಬೆಲೆ ಬಿದ್ದಾಗ ತಲೆ ಮೇಲೆ ಕೈ ಹೊತ್ತು ಕೂತವರನ್ನು ನಮ್ಮ ಗುಂಡ್ಲುಪೇಟೆ ಕಡೆ ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ "ಎಲ್ಲರೂ" ಎಂಬ ಕಾರಣ ಕೇಳಿದರೆ ನನಗೆ ಸ್ವಲ್ಪ ಭಯ :-)

ನಮ್ಮ ನಾಲ್ಕು ಜನರ ಪುಟ್ಟ ಪ್ರಾಜೆಕ್ಟಿಗೂ ಕೊನೆಗೆ ಆಯ್ಕೆಯಾಗಿದ್ದು ಗಿಟ್ಟೇ. ಆದರೆ ಅದಕ್ಕೆ ಕಾರಣಗಳು ಬೇರೆ. ಆ ಕಾರಣಗಳನ್ನು ಬರೆದಿಡಬೇಕು ಅನ್ನಿಸಿತು, ಯಾಕೆಂದರೆ ಕಾರಣ ಬದಲಾದರೆ ಉತ್ತರವೂ ಬದಲಾಗಬೇಕಲ್ಲವೇ?

ಸಾಫ್ಟ್‌ವೇರ್ ಕೆಲಸದವರಲ್ಲದ ಬ್ಲಾಗಿಗ ಮಿತ್ರರಿಗಾಗಿ ಮೊದಲು ಎರಡು ಮಾತು. ವರ್ಷನ್ ಕಂಟ್ರೋಲ್ ಅಂದರೇನು ಅಂತ ನಮ್ಮ ಊರಿನವರಿಗೆ ಹೇಳಬೇಕಾದರೆ ನಾನು ಪಹಣಿಯ ಉದಾಹರಣೆ ಕೊಡುತ್ತೇನೆ. ಪಹಣಿ ನೋಡಿದರೆ ಜಮೀನು ಇವತ್ತು ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು? ಪೌತಿಯಿಂದಲೋ, ಕ್ರಯದಿಂದಲೋ, ಅಣ್ಣ ತಮ್ಮಂದಿರ ವಿಭಾಗದಿಂದಲೋ? ಅದನ್ನು ಹೇಳುವುದು ಮ್ಯುಟೇಷನ್ ರಿಜಿಸ್ಟರ್. ಪ್ರತಿ ಬದಲಾವಣೆಗೂ ಒಂದು ಎಂ.ಆರ್. ನಂಬರ್, ತಾರೀಕು, ಕಾರಣ. ತಾಲ್ಲೂಕು ಕಚೇರಿಯಲ್ಲಿ ಒಮ್ಮೆಯಾದರೂ ನಿಂತವರಿಗೆ ಗೊತ್ತು, ಜಗಳ ಬಂದಾಗ ಕೆಲಸಕ್ಕೆ ಬರುವುದು ಪಹಣಿಗಿಂತ ಈ ಎಂ.ಆರ್. ನಂಬರೇ. ಭೂಮಿ ಯೋಜನೆಯಲ್ಲಿ 2001ರ ಹೊತ್ತಿಗೆ ಪಹಣಿ ಕಂಪ್ಯೂಟರಿಗೆ ಏರಿದಾಗಲೂ ಈ ಮ್ಯುಟೇಷನ್ ಬಿಡಲಿಲ್ಲ. ಕೋಡಿಗೂ ಅಂಥದ್ದೇ ಒಂದು ರಿಜಿಸ್ಟರ್ ಇಡುವ ಸಾಧನಕ್ಕೆ ವರ್ಷನ್ ಕಂಟ್ರೋಲ್ ಅನ್ನುತ್ತಾರೆ. ಒಂದು ಬದಲಾವಣೆಯನ್ನು ದಾಖಲಿಸುವುದು ಕಮಿಟ್. ಕನ್ನಡ ವಿಕಿಪೀಡಿಯದಲ್ಲಿ ಬರೆದವರಿಗೆ ಪ್ರತಿ ಪುಟದ ಇತಿಹಾಸ ನೋಡಿ ಇದು ಆಗಲೇ ಪರಿಚಯ.

ಈಗ ನಮ್ಮ ಪ್ರಾಜೆಕ್ಟು. ಚಾಮರಾಜನಗರ ಸೀಮೆಯ ಆಡುಮಾತಿನ ಪದಗಳನ್ನು ಕೂಡಿಹಾಕಿ, ಹುಡುಕಲು ಬರುವಂತೆ ಒಂದು ಜಾಲತಾಣ ಮತ್ತು ಮೊಬೈಲ್ ಆಪ್ ಮಾಡುವುದು. (ನಮ್ಮ ಜಿಲ್ಲೆ ಮೈಸೂರಿನಿಂದ ಬೇರೆಯಾಗಿದ್ದು 1997ರಲ್ಲಿ. ನಾನು ಹುಟ್ಟಿದ್ದೂ ಅದರ ಆಸುಪಾಸಿನಲ್ಲೇ. ಆದ್ದರಿಂದ ಜಿಲ್ಲೆಯ ಮೇಲೆ ಒಂಥರಾ ಓರಗೆಯವರ ಅಭಿಮಾನ.) ನಾನು ಗುಂಡ್ಲುಪೇಟೆಯಲ್ಲಿ ಮನೆಯಿಂದಲೇ ಕಂಪನಿ ಕೆಲಸ ಮಾಡುವವನು. ಒಬ್ಬ ಗೆಳೆಯ ಚಾಮರಾಜನಗರದಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ನಾಲ್ಕನೆಯವರು ತೆರಕಣಾಂಬಿ ಕಡೆಯ ಒಂದು ಹಳ್ಳಿಯ ನಿವೃತ್ತ ಮೇಷ್ಟ್ರು. ನಿಜ ಹೇಳಬೇಕೆಂದರೆ ಪ್ರಾಜೆಕ್ಟು ಅವರದ್ದೇ, ನಾವು ಮೂವರು ಕೂಲಿಯಾಳುಗಳು. ಊರೂರು ತಿರುಗಿ ಅವರು ಬರೆದಿಟ್ಟ ನೋಟ್ ಪುಸ್ತಕಗಳೇ ಇದರ ಬಂಡವಾಳ. ಒಂದೊಂದು ಊರಿಗೆ ಒಂದೊಂದು ಟೆಕ್ಸ್ಟ್ ಕಡತ, ಅವುಗಳಿಂದ ಜಾಲತಾಣ ಕಟ್ಟುವ ಒಂದಿಷ್ಟು ಕೋಡ್. ಅಷ್ಟೇ.

ಮೊದಲ ಸಲ ಕೂತು ಮಾತಾಡಿದಾಗ ಬೆಂಗಳೂರಿನ ಗೆಳೆಯ ಗಿಟ್, ಗಿಟ್ ಅಂತ ಹತ್ತು ನಿಮಿಷ ವಿವರಿಸಿದ. ಮೇಷ್ಟ್ರು ಎಲ್ಲ ಕೇಳಿ "ಅದೇನಪ್ಪಾ ಆಗ್ಲಿಂದ ಗಿಟ್ಟು ಗಿಟ್ಟು ಅಂತಿದ್ದೀಯಲ್ಲ, ನಮ್ಗೆ ಅದು ಗಿಟ್ಟುತ್ತಾ?" ಅಂದರು. ಎಲ್ಲರೂ ನಕ್ಕೆವು. ಆದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಕಂಪನಿಯ ಆರ್ಕಿಟೆಕ್ಟೂ ಕೇಳಿದ್ದು ನಾನು ನೋಡಿಲ್ಲ.

ಮೊದಲ ಲೆಕ್ಕ ಕರೆಂಟು ಮತ್ತು ನೆಟ್‌ವರ್ಕಿನದು. ನಮ್ಮೂರಲ್ಲಿ ಮಳೆ ಗಾಳಿ ಬಂದರೆ ಮೊದಲು ಕರೆಂಟು ಹೋಗುತ್ತದೆ, ಹಿಂದೆಯೇ ಬ್ರಾಡ್‌ಬ್ಯಾಂಡು. ಬಂಡೀಪುರದ ಅಂಚಿನ ಹಳ್ಳಿಗಳಿಗೆ ಹೋದರೆ ಮೊಬೈಲ್ ಸಿಗ್ನಲ್ಲಿಗಾಗಿ ದಿಬ್ಬ ಹುಡುಕಬೇಕು. ಸಬ್‌ವರ್ಷನ್, ಅಂದರೆ ಎಸ್‌ವಿಎನ್, ಒಂದೇ ಸರ್ವರನ್ನು ನಂಬಿ ನಿಂತದ್ದು. ನಿಮ್ಮ ಹತ್ತಿರ ಇರುವುದು ಕೊನೆಯ ಪ್ರತಿ ಮಾತ್ರ. ನೀವು ಏನು ಬದಲಿಸಿದ್ದೀರಿ ಅಂತ ನೆಟ್ ಇಲ್ಲದೆಯೂ ನೋಡಬಹುದು, ಆ ಮಟ್ಟಿಗೆ ಅದು ಸಿವಿಎಸ್‌ಗಿಂತ ವಾಸಿ. ಆದರೆ ಕಮಿಟ್ ಮಾಡಲು, ಹಳೆಯ ಇತಿಹಾಸ ಓದಲು ಸರ್ವರ್ ಸಿಗಲೇಬೇಕು. ಗಿಟ್‌ನಲ್ಲಿ ಪೂರ್ತಿ ಇತಿಹಾಸ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ. ಹಳ್ಳಿಯ ಜಗುಲಿ ಮೇಲೆ ಕೂತು ಹತ್ತು ಕಮಿಟ್ ಮಾಡಿ, ಊರಿಗೆ ಬಂದ ಮೇಲೆ ಕಳಿಸಿದರಾಯಿತು.

ಗಿಟ್ ಹೀಗೆ ಹುಟ್ಟಿದ್ದರ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಲಿನಕ್ಸ್ ಕರ್ನಲ್ಲಿನವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಕಂಪನಿಯ ಸಾಧನವನ್ನು ಪುಕ್ಕಟೆ ಲೈಸೆನ್ಸಿನ ಮೇಲೆ ಬಳಸುತ್ತಿದ್ದರು. ಆಂಡ್ರೂ ಟ್ರಿಜೆಲ್ ಅದರ ಸರ್ವರ್ ಜೊತೆ ಮಾತಾಡುವ ಬೇರೆ ತಂತ್ರಾಂಶ ಬರೆಯಲು ಹೊರಟಾಗ ಜಗಳವಾಗಿ, 2005ರ ಏಪ್ರಿಲಿನಲ್ಲಿ ಆ ಪುಕ್ಕಟೆ ಸೌಲಭ್ಯ ನಿಂತುಹೋಯಿತು. ಲಿನಸ್ ಟೋರ್ವಾಲ್ಡ್ಸ್ ಕೂತು ಗಿಟ್ ಬರೆಯಲು ಶುರು ಮಾಡಿ, ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಟ್ಟರು. ಅದೇ ತಿಂಗಳು, ಅದೇ ಕಾರಣಕ್ಕೆ, ಮ್ಯಾಟ್ ಮಕಾಲ್ ಎಂಬುವರು ಮರ್ಕ್ಯುರಿಯಲ್ ಬರೆದರು. ಇದೂ ಹಂಚಿಕೆಯ ಜಾತಿಯದ್ದೇ. ಆಜ್ಞೆಗಳು ಗಿಟ್‌ಗಿಂತ ಸರಳ, ಹೆಸರುಗಳು ಮನುಷ್ಯರಿಗೆ ಅರ್ಥವಾಗುವಂಥವು. ಇದನ್ನು 2008ರಲ್ಲಿ ಯಾರಾದರೂ ಕೇಳಿದ್ದರೆ ನಾನು ಕಣ್ಣು ಮುಚ್ಚಿ ಮರ್ಕ್ಯುರಿಯಲ್ ಅನ್ನುತ್ತಿದ್ದೆ. (ಆಗ ನಾನು ಐದನೇ ಕ್ಲಾಸು, ಕೇಳುವವರು ಯಾರೂ ಇರಲಿಲ್ಲ, ಬಿಡಿ.)

ಆಮೇಲೆ ಆಗಿದ್ದು ನೋಡಿ. ಬಿಟ್‌ಬಕೆಟ್ ಎಂಬ ತಾಣ ಮರ್ಕ್ಯುರಿಯಲ್ ಯೋಜನೆಗಳಿಗೇ ಹೆಸರಾಗಿತ್ತು. 2019ರಲ್ಲಿ ಇನ್ನು ಮರ್ಕ್ಯುರಿಯಲ್ ಇಡುವುದಿಲ್ಲ ಅಂದರು, 2020ರಲ್ಲಿ ಬಾಗಿಲು ಹಾಕಿದರು. ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಫೈರ್‌ಫಾಕ್ಸಿನವರು ವರ್ಷಾನುಗಟ್ಟಲೆ ಮರ್ಕ್ಯುರಿಯಲ್ ನಂಬಿಕೊಂಡಿದ್ದು, 2023ರಲ್ಲಿ ಗಿಟ್‌ಗೆ ಹೋಗುತ್ತೇವೆಂದು ಹೇಳಿ, 2025ರಲ್ಲಿ ಹೋದರು. ಮರ್ಕ್ಯುರಿಯಲ್ ಕೆಟ್ಟದ್ದಾಗಿರಲಿಲ್ಲ. ಅದನ್ನು ಇಟ್ಟುಕೊಳ್ಳುವ ಮನೆಗಳು ಖಾಲಿಯಾದವು. ನಮ್ಮಂಥ ಸಣ್ಣವರು ಸಾಧನ ಆರಿಸುವಾಗ ಈ ಲೆಕ್ಕವನ್ನೂ ಹಾಕಬೇಕಾಗುತ್ತದೆ, ಬೇಜಾರಿನ ವಿಷಯವಾದರೂ.

ಹಾಗಂತ ಗಿಟ್‌ಹಬ್ ಶಾಶ್ವತ ಅಂತ ನಾನು ನಂಬುವುದಿಲ್ಲ. 2008ರಲ್ಲಿ ಶುರುವಾಗಿ 2018ರಲ್ಲಿ ಮೈಕ್ರೋಸಾಫ್ಟಿನ ಪಾಲಾದ ಒಂದು ಕಂಪನಿ ಅದು. ಗಿಟ್ ಬೇರೆ, ಗಿಟ್‌ಹಬ್ ಬೇರೆ ಎಂಬುದನ್ನು ನಮ್ಮ ಹೊಸ ಇಂಜಿನಿಯರುಗಳಿಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲವೋ ಏನೋ, ಎರಡೂ ಒಂದೇ ಅಂದುಕೊಂಡವರು ಬಹಳ. ನಮ್ಮ ಮೂಲ ಪ್ರತಿ ಇರುವುದು ಒಂದು ಪೆನ್‌ಡ್ರೈವಿನಲ್ಲಿ. ನಗಬೇಡಿ! ಪೆನ್‌ಡ್ರೈವಿನ ಒಂದು ಫೋಲ್ಡರನ್ನೇ ಸರ್ವರಿನಂತೆ ಇಟ್ಟು ಅದಕ್ಕೆ ಕಳಿಸಬಹುದು, ಅದರಿಂದ ಎಳೆದುಕೊಳ್ಳಬಹುದು. ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆಗೆ ಹೋಗುವ ಬಸ್ಸಿನಲ್ಲಿ ನಮ್ಮ ಪೆನ್‌ಡ್ರೈವು ಯಾರದಾದರೂ ಜೇಬಿನಲ್ಲಿ ಓಡಾಡುತ್ತದೆ, ದಾರಿಯಲ್ಲಿ ತೆರಕಣಾಂಬಿಯಲ್ಲಿ ಇಳಿದು ಮೇಷ್ಟ್ರ ಮನೆಗೂ ಹೋಗಿಬರುತ್ತದೆ. ಕೆಎಸ್ಸಾರ್ಟಿಸಿಯೇ ನಮ್ಮ ನೆಟ್‌ವರ್ಕು. 2022ರ ನಂತರದ ಗಿಟ್ ಇಂಥ ಫೋಲ್ಡರ್ ಕಂಡರೆ "ಇದರ ಮಾಲೀಕರು ಯಾರೋ ಗೊತ್ತಿಲ್ಲ" ಅಂತ ತಕರಾರು ತೆಗೆಯುತ್ತದೆ. ಸುರಕ್ಷಿತ ಫೋಲ್ಡರುಗಳ ಪಟ್ಟಿಗೆ ಒಮ್ಮೆ ಸೇರಿಸಿದರೆ ಸುಮ್ಮನಾಗುತ್ತದೆ. ಗಿಟ್‌ಹಬ್‌ನಲ್ಲಿರುವುದು ಕನ್ನಡಿ ಪ್ರತಿ ಮಾತ್ರ.

ಇಲ್ಲಿಯವರೆಗೆ ಹೇಳಿದ್ದನ್ನು ಯಾವ ಇಂಜಿನಿಯರಾದರೂ ಹೇಳುತ್ತಾನೆ. ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ.

ಸಾಧನ ಆರಿಸುವವರು ಕೋಡ್ ಬರೆಯುವವರು. ಅದರ ಕಷ್ಟ ಹೊರುವವರು ಬೇರೆಯವರು. ಗ್ನೋಮ್ ಡೆಸ್ಕ್‌ಟಾಪಿನ ಉದಾಹರಣೆ ತಗೊಳ್ಳಿ. ಕನ್ನಡವೂ ಸೇರಿದಂತೆ ಎಷ್ಟೋ ಭಾಷೆಗಳಿಗೆ ಅದನ್ನು ಅನುವಾದಿಸುವವರಿದ್ದಾರೆ. ಅವರಿಗೆ ಬೇಕಾಗಿರುವುದು ಪ್ರತಿ ತಂತ್ರಾಂಶದಲ್ಲಿ ತಮ್ಮ ಭಾಷೆಯ ಒಂದೇ ಒಂದು ಪಿಓ ಕಡತ. ಗ್ನೋಮ್ ಸಿವಿಎಸ್‌ನಿಂದ ಎಸ್‌ವಿಎನ್‌ಗೆ ಹೋಗಿದ್ದು 2006 ಮುಗಿದು 2007 ಶುರುವಾಗುವ ಹೊತ್ತಿಗೆ. ಅದನ್ನು ಕಲಿತು ಕೈ ಕೂರುವಷ್ಟರಲ್ಲಿ, 2009ರ ಏಪ್ರಿಲಿನಲ್ಲಿ, ಗಿಟ್ ಬಂತು. ಅಂದರೆ ಎರಡೂವರೆ ವರ್ಷದೊಳಗೆ ಮೂರು ಸಾಧನ, ಅದೂ ಒಂದು ಕಡತ ಬದಲಿಸಲು! ಪ್ರೋಗ್ರಾಮರಿಗೆ ಬ್ರಾಂಚು, ಮರ್ಜು ಎಲ್ಲ ಲಾಭವೇ. ಸಂಜೆ ಹೊತ್ತು ಬಿಡುವು ಮಾಡಿಕೊಂಡು "ಫೈಲ್" ಅನ್ನುವುದಕ್ಕೆ "ಕಡತ" ಅನ್ನೋಣವೇ ಅಂತ ಯೋಚಿಸುವವರಿಗೆ ಅದರಿಂದ ಬಂದದ್ದೇನು? ಆಮೇಲೆ ಅನುವಾದಕರಿಗಾಗಿ ಇದ್ದ ಡ್ಯಾಮ್ಡ್ ಲೈಸ್ ಎಂಬ ಜಾಲತಾಣದಿಂದಲೇ ಕಡತವನ್ನು ನೇರ ಸೇರಿಸುವ ವ್ಯವಸ್ಥೆ ಬಂತು, ಗಿಟ್ ಮುಟ್ಟದೆಯೇ ಕೆಲಸ ಆಗುವಂತಾಯಿತು. ನನ್ನ ಪ್ರಕಾರ ಆ ವ್ಯವಸ್ಥೆ ಮೊದಲು ಬರಬೇಕಿತ್ತು, ಗಿಟ್ ಆಮೇಲೆ.

ಎಸ್‌ವಿಎನ್‌ನಲ್ಲಿ ಬದಲಾವಣೆಗಳಿಗೆ 1, 2, 3 ಅಂತ ನಂಬರು, ನಮ್ಮ ಎಂ.ಆರ್. ನಂಬರಿನ ಹಾಗೆ. "ನೂರಿಪ್ಪತ್ತನೇ ಬದಲಾವಣೆ ನೋಡಿ ಮೇಷ್ಟ್ರೇ" ಅಂತ ಫೋನಿನಲ್ಲಿ ಹೇಳಬಹುದು. ಗಿಟ್‌ನಲ್ಲಿ ನಲವತ್ತು ಅಕ್ಷರದ ಹೆಸರು. ಮೊದಲ ಏಳು ಹೇಳಿದರೆ ಸಾಕು ಅನ್ನುತ್ತಾರೆ, ಅದನ್ನೂ ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಇದನ್ನೆಲ್ಲ ಕೂಡಿ ಕಳೆದು ಬೆಂಗಳೂರಿನ ಗೆಳೆಯ "ಮೇಷ್ಟ್ರು ಶೀಟಿನಲ್ಲಿ ಬರೀಲಿ, ನಾನು ಅದನ್ನ ಎತ್ತಿ ಗಿಟ್‌ಗೆ ಹಾಕ್ತೀನಿ" ಅಂದ. ಮೇಷ್ಟ್ರಿಗೆ ಗಿಟ್ ಕಲಿಸುವ ಹಟ ನನಗೂ ಇರಲಿಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ಹಾಗೆ ಹಾಕಿದರೆ ಇತಿಹಾಸದ ತುಂಬ ಯಾರ ಹೆಸರು ಬರುತ್ತದೆ? ಮೇಷ್ಟ್ರು ನಲವತ್ತು ವರ್ಷ ಬಿಸಿಲಲ್ಲಿ ತಿರುಗಿ ಕೂಡಿಟ್ಟ ಪದಗಳ ಪಕ್ಕದಲ್ಲಿ, ಅವನ್ನು ಕಾಪಿ ಪೇಸ್ಟ್ ಮಾಡಿದವನ ಹೆಸರು?

ಎಸ್‌ವಿಎನ್‌ನಲ್ಲಿ ಹಾಗೇ ಆಗುತ್ತದೆ, ಕಮಿಟ್ ಮಾಡಿದವರೇ ಅದರ ಕರ್ತೃ. ಸರ್ವರಿನಲ್ಲಿ ಅನುಮತಿ ತೆರೆದು ತಿದ್ದಬಹುದು, ಅದು ಸುತ್ತು ದಾರಿ. ಗಿಟ್ ಹುಟ್ಟಿದ್ದು ಈಮೇಲ್‌ನಲ್ಲಿ ಬಂದ ಇನ್ನೊಬ್ಬರ ತಿದ್ದುಪಡಿಗಳನ್ನು ಸೇರಿಸುವವರಿಗಾಗಿ. ಹಾಗಾಗಿ ಅದರಲ್ಲಿ ಮೊದಲಿನಿಂದಲೂ ಎರಡು ಹೆಸರು, ಬರೆದವರದು ಒಂದು, ಸೇರಿಸಿದವರದು ಇನ್ನೊಂದು. ಶೀಟಿನಲ್ಲಿ ಬಂದದ್ದನ್ನು ನಾವು ಸೇರಿಸಿದರೂ ಬರೆದವರು ಎಂಬಲ್ಲಿ ಮೇಷ್ಟ್ರ ಹೆಸರೇ ಇರುತ್ತದೆ. ಚರ್ಚೆಯಲ್ಲಿ ನನ್ನ ಮನಸ್ಸು ಗಿಟ್ ಕಡೆ ವಾಲಿದ್ದು ವೇಗಕ್ಕೂ ಅಲ್ಲ, ಬ್ರಾಂಚಿಗೂ ಅಲ್ಲ, ಈ ಎರಡು ಹೆಸರಿನ ಪದ್ಧತಿಗೆ. ಕನ್ನಡದಲ್ಲಿ ಪದ ಸಂಗ್ರಹಿಸಿದವರ ಹೆಸರು ಮುನ್ನುಡಿಯ ಕೊನೆಯ ಸಾಲಿನ "ನೆರವಾದ ಎಲ್ಲರಿಗೂ" ಎಂಬುದರಲ್ಲಿ ಕರಗಿಹೋಗುವುದನ್ನು ಬೇಕಾದಷ್ಟು ನೋಡಿದ್ದೇವೆ.

ಆದರೆ ಇದೇ ಗುಣ ಇನ್ನೊಂದು ಕಡೆ ಮುಳ್ಳು. ಪದ ಹೇಳಿದ ಅಜ್ಜ ಅಜ್ಜಿಯರ ಹೆಸರು? ಅವನ್ನೂ ಹಾಕೋಣ ಅಂತ ಚಾಮರಾಜನಗರದ ಗೆಳೆಯನ ಆಸೆ. ಮೇಷ್ಟ್ರು ಬೇಡ ಅಂದರು. ಬೈಗುಳ, ಹೆಂಗಸರು ತಮ್ಮಲ್ಲೇ ಆಡುವ ಮಾತು, ಒಂದು ಕೇರಿಯವರು ಇನ್ನೊಂದು ಕೇರಿಯವರನ್ನು ಕರೆಯುವ ಮಾತು, ಎಲ್ಲ ಆ ನೋಟ್ ಪುಸ್ತಕಗಳಲ್ಲಿವೆ. "ನನ್ ಯೆಸ್ರು ಆಕ್ಬ್ಯಾಡ ಕನಪ್ಪ" ಅಂತ ಹೇಳಿಯೇ ಹೇಳಿದವರಿದ್ದಾರೆ. ಇವತ್ತು ಒಪ್ಪಿದವರ ಮೊಮ್ಮಗ ನಾಳೆ ಬಂದು "ತೆಗೀರಿ" ಅಂದರೆ? ಎಸ್‌ವಿಎನ್ ಆದರೆ ಇರುವುದು ಒಂದೇ ಸರ್ವರು, ಕಷ್ಟಪಟ್ಟಾದರೂ ಅಲ್ಲಿಂದ ಕಿತ್ತುಹಾಕಬಹುದು. ಗಿಟ್‌ನಲ್ಲಿ ಇತಿಹಾಸ ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಅಷ್ಟಾದರೂ ಇಳಿಸಿಕೊಂಡವರ ಕಂಪ್ಯೂಟರಿನಲ್ಲಿ ಹಳೆಯದು ಹಾಗೇ ಕೂತಿರುತ್ತದೆ. ಎಲ್ಲರ ಹತ್ತಿರ ಪೂರ್ತಿ ಪ್ರತಿ ಇರುವುದು ಕಳೆದುಹೋಗದಿರಲು ಒಳ್ಳೆಯದು, ಹಿಂದಕ್ಕೆ ಪಡೆಯಲು ಮಾತ್ರ ದಾರಿಯಿಲ್ಲ. ಹಾಗಾಗಿ ನಮ್ಮ ಕಡತಗಳಲ್ಲಿ ಊರು ಇದೆ, ಅಂದಾಜು ವಯಸ್ಸು ಇದೆ. ಹೆಸರು ಮೇಷ್ಟ್ರ ನೋಟ್ ಪುಸ್ತಕದಲ್ಲಿ ಮಾತ್ರ, ಅದು ಅವರ ಮನೆಯ ಬೀರುವಿನಲ್ಲಿ. ಗಿಟ್ ಬಳಸುವ ಎಲ್ಲ ಕನ್ನಡ ಯೋಜನೆಯವರೂ ಮೊದಲ ಕಮಿಟ್‌ಗೆ ಮುಂಚೆ ಈ ಒಂದು ಗಂಟೆಯ ಮಾತು ಆಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಕನ್ನಡದ ಗೋಳು. ಇದನ್ನು ಇಂಗ್ಲಿಷಿನ ಯಾವ ಗಿಟ್ ಪುಸ್ತಕದಲ್ಲೂ ವಿವರವಾಗಿ ಬರೆದಿರುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ.

ಗುಂಡ್ಲುಪೇಟೆ ಎಂಬ ಹೆಸರಿನ ಕಡತ ಮಾಡಿ ಗಿಟ್‌ಗೆ "ಏನೇನು ಬದಲಾಗಿದೆ ಹೇಳು" ಅಂದರೆ ಅದು \340\262\227 ಅಂತ ಶುರು ಮಾಡಿ ಒಂದು ಸಾಲು ನಂಬರು ಕಕ್ಕುತ್ತದೆ. ಆ ಮೂರು ನಂಬರು ಸೇರಿ ಒಂದು "ಗ" ಅಷ್ಟೇ. ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಕನ್ನಡವನ್ನು ಕನ್ನಡವಾಗಿಯೇ ತೋರಿಸುತ್ತದೆ. ಇದು ತಾನಾಗಿಯೇ ಹಾಗಿರಬೇಕಿತ್ತು, ಯಾಕಿಲ್ಲವೋ ಆ ಟೋರ್ವಾಲ್ಡ್ಸನೇ ಬಲ್ಲ.

ಎರಡನೆಯದು ಇನ್ನೂ ಮಜಾ. ಯೂನಿಕೋಡಿನಲ್ಲಿ "ಪೇ" ಎಂಬುದರ ಸ್ವರಚಿಹ್ನೆಯನ್ನು ಒಂದೇ ಅಕ್ಷರವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಅಂತ ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಕಡತದ ಹೆಸರನ್ನು ಒಡೆದೇ ಇಡುತ್ತಿದ್ದವು. ಹಾಗಾಗಿ ಗುಂಡ್ಲುಪೇಟೆ, ಬೇಗೂರು ಎಂಬ ಕಡತಗಳು ಎರಡೆರಡಾಗಿ ಕಾಣಿಸಿಕೊಳ್ಳುವ ಅಪಾಯ ಇತ್ತು. ಹಂಗಳಕ್ಕೂ ತೆರಕಣಾಂಬಿಗೂ ಆ ತೊಂದರೆ ಇಲ್ಲ, ಅವುಗಳಲ್ಲಿ ಒಡೆಯುವಂಥ ಅಕ್ಷರವೇ ಇಲ್ಲ! ಗಿಟ್‌ನಲ್ಲಿ ಇದಕ್ಕೆ 2012ರಲ್ಲಿ ಮದ್ದು ಬಂತು. ಕಡತದ ಒಳಗಿನ ಪಠ್ಯಕ್ಕೆ ಆ ಮದ್ದು ತಗಲುವುದಿಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು.

ಮೂರನೆಯದು ಕಾಣದ ಅಕ್ಷರಗಳು. ಒಂದು ಕೀಲಿಮಣೆ "ಬಸ್" ಎಂದು ಬರೆದು ಸುಮ್ಮನಾಗುತ್ತದೆ, ಇನ್ನೊಂದು ಅದರ ಕೊನೆಗೆ ಕಾಣದ ನಾನ್‌ಜಾಯಿನರ್ ಒಂದನ್ನು ಅಂಟಿಸುತ್ತದೆ. "ರ‍್ಯಾಂಕ್" ಬರೆಯುವಾಗ ಜಾಯಿನರನ್ನು ಹಲಂತದ ಮುಂದೆ ಹಾಕುವವರೂ ಇದ್ದಾರೆ, ಹಿಂದೆ ಹಾಕುವವರೂ ಇದ್ದಾರೆ. ಗಿಟ್ ಕೆಂಪಿನಲ್ಲಿ ಒಂದು ಸಾಲು, ಹಸಿರಿನಲ್ಲಿ ಒಂದು ಸಾಲು ತೋರಿಸಿ "ಬದಲಾಗಿದೆ" ಅನ್ನುತ್ತದೆ. ಎರಡನ್ನೂ ಎಷ್ಟು ಸಲ ಓದಿದರೂ ವ್ಯತ್ಯಾಸ ಕಾಣುವುದಿಲ್ಲ. ಅಂಥ ಮುನ್ನೂರು ಸಾಲುಗಳ ನಡುವೆ ಮೇಷ್ಟ್ರು ನಿಜವಾಗಿ ತಿದ್ದಿದ ಎರಡು ಅರ್ಥಗಳು ಅಡಗಿ ಕೂತಿರುತ್ತವೆ. ಕಮಿಟ್‌ಗೆ ಮುಂಚೆ ತಾನಾಗಿ ಓಡುವ ಒಂದು ಪುಟ್ಟ ಸ್ಕ್ರಿಪ್ಟು ಬರೆದೆವು. ಒಡೆದ ಸ್ವರಗಳನ್ನು ಕೂಡಿಸುತ್ತದೆ, ಪದದ ತುದಿಯ ಕಾಣದ ಅಕ್ಷರ ತೆಗೆಯುತ್ತದೆ, ಜಾಯಿನರನ್ನು ಒಂದೇ ಕಡೆ ಇಡುತ್ತದೆ. ಇಪ್ಪತ್ತು ಸಾಲಿನ ಕೋಡು. ಎಸ್‌ವಿಎನ್ ಆಗಿದ್ದರೂ ಇದು ಬೇಕೇ ಬೇಕಿತ್ತು, ಗಿಟ್‌ನ ತಪ್ಪೇನಿಲ್ಲ.

ಇದರ ಜೊತೆಗೆ ಹಳೆಯ ವಿಂಡೋಸ್ ನೋಟ್‌ಪ್ಯಾಡಿನಲ್ಲಿ "ಯೂನಿಕೋಡ್" ಅಂತ ಆರಿಸಿ ಉಳಿಸಿದ ಕಡತ ನಿಜದಲ್ಲಿ ಯುಟಿಎಫ್-16. ಗಿಟ್ ಅದನ್ನು ಪಠ್ಯ ಅಂತಲೇ ಒಪ್ಪುವುದಿಲ್ಲ, ಚಿತ್ರವೋ ಹಾಡೋ ಅಂದುಕೊಂಡು ವ್ಯತ್ಯಾಸ ತೋರಿಸದೆ ಕೈ ತೊಳೆದುಕೊಳ್ಳುತ್ತದೆ. ಎಲ್ಲವನ್ನೂ ಯುಟಿಎಫ್-8 ಮಾಡಿಕೊಳ್ಳಿ.

ಮತ್ತೆ ನುಡಿ! ಮೇಷ್ಟ್ರ ನೋಟ್ ಪುಸ್ತಕಗಳಲ್ಲಿ ಅರ್ಧದಷ್ಟನ್ನು ವರ್ಷಗಳ ಹಿಂದೆ ಯಾರೋ ಡಿಟಿಪಿ ಅಂಗಡಿಯವರು ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಕೊಟ್ಟಿದ್ದರು. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಪದ್ಧತಿ. ಅದನ್ನು ಯೂನಿಕೋಡಿಗೆ ತರುವಾಗ ಹೆಚ್ಚು ತಪ್ಪಾಗುವುದು ಅರ್ಕಾವೊತ್ತಿನಲ್ಲಿ. ನುಡಿಯಲ್ಲಿ "ಧರ್ಮ" ಎಂದರೆ ಧ, ಮ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ರ್ ಮೊದಲು, ಮ ಆಮೇಲೆ. ಈ ಅದಲು ಬದಲಿನಲ್ಲಿ ಪರಿವರ್ತಕ ಎಡವಿದರೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಆಡುಮಾತಿನ ಪದಗಳಲ್ಲಿ ಅದು ತಪ್ಪೋ ಅಥವಾ ನಮ್ಮೂರಿನ ಉಚ್ಚಾರವೇ ಹಾಗೋ ಅಂತ ಬೆಂಗಳೂರಿನ ಹುಡುಗನಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ನಮ್ಮಲ್ಲಿ ಒಂದು ನಿಯಮ. ಮೊದಲು ನುಡಿ ಕಡತವನ್ನು ಇದ್ದ ಹಾಗೇ ಕಮಿಟ್ ಮಾಡಬೇಕು, ಓದಲು ಬರದಿದ್ದರೂ ಸರಿ. ಎರಡನೆಯ ಕಮಿಟ್ ಯಂತ್ರ ಪರಿವರ್ತಿಸಿದ್ದು, ಮುಟ್ಟದೆ. ಮೂರನೆಯದರಿಂದ ಕೈತಿದ್ದುಪಡಿ. ಈ ಮೂರನ್ನು ಕಲಸಿ ಒಂದೇ ಸಲ ಹಾಕಿದ ಕನ್ನಡ ಪಠ್ಯಗಳನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ತಪ್ಪು ಯಂತ್ರದ್ದೋ ಮನುಷ್ಯನದ್ದೋ ಇನ್ನು ಯಾವತ್ತೂ ಪತ್ತೆಯಾಗುವುದಿಲ್ಲ.

ಗಿಟ್ ಸೋಲುವ ಜಾಗಗಳೂ ಇವೆ. ನಮ್ಮ ಹತ್ತಿರ ಹಳ್ಳಿಗಳಲ್ಲಿ ಧ್ವನಿಮುದ್ರಿಸಿದ ದೊಡ್ಡ ದೊಡ್ಡ ಕಡತಗಳಿವೆ. ಗಿಟ್‌ಗೆ ಹಾಕಿದರೆ ಹೊಸದಾಗಿ ಪ್ರತಿ ತೆಗೆದುಕೊಳ್ಳುವ ಪ್ರತಿಯೊಬ್ಬರೂ ಹಳೆಯದು ಹೊಸದು ಎಲ್ಲವನ್ನೂ ಹೊರಬೇಕು. ಎಸ್‌ವಿಎನ್‌ನಲ್ಲಿ ಬೇಕಾದ ಫೋಲ್ಡರಿನ ಕೊನೆಯ ಪ್ರತಿ ಮಾತ್ರ ಇಳಿಸಬಹುದು. ಇಲ್ಲಿ ಎಸ್‌ವಿಎನ್ ನಿಜಕ್ಕೂ ಮೇಲು. ನಾವು ಧ್ವನಿಯನ್ನು ಹೊರಗೆ ಹಾರ್ಡ್‌ಡಿಸ್ಕಿನಲ್ಲಿಟ್ಟು, ಯಾವ ಕಡತ, ಅದರ ಚೆಕ್‌ಸಮ್ ಎಷ್ಟು ಎಂಬ ಪಟ್ಟಿಯನ್ನು ಮಾತ್ರ ಗಿಟ್‌ನಲ್ಲಿಟ್ಟಿದ್ದೇವೆ. ತೇಪೆ ಕೆಲಸವೇ, ಒಪ್ಪುತ್ತೇನೆ. ಹೆಸರು ಬದಲಾವಣೆಯೂ ಅಷ್ಟೆ. ಚಾಮರಾಜನಗರಕ್ಕೆ ಮೊದಲು ಅರಿಕುಠಾರ ಎಂಬ ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಇಟ್ಟರು. ಎಸ್‌ವಿಎನ್ ಆಗಿದ್ದರೆ "ಅರಿಕುಠಾರವೇ ಚಾಮರಾಜನಗರ ಆಯಿತು" ಅಂತ ಬರೆದಿಡುತ್ತಿತ್ತು. ಗಿಟ್ ಹೆಸರು ಬದಲಾದದ್ದನ್ನು ಬರೆದುಕೊಳ್ಳುವುದೇ ಇಲ್ಲ. ಒಂದು ಊರು ಹೋಯಿತು, ಒಂದು ಊರು ಬಂತು, ಒಳಗಿನ ಬೀದಿಗಳೆಲ್ಲ ಒಂದೇ ಥರ ಇವೆ, ಹಾಗಾಗಿ ಹೆಸರು ಬದಲಾಗಿರಬೇಕು ಅಂತ ಆಮೇಲೆ ಊಹಿಸುತ್ತದೆ. ಬಹಳ ಸಲ ಊಹೆ ಸರಿಯಾಗಿಯೇ ಇರುತ್ತದೆ ಅನ್ನಿ.

ಬ್ರಾಂಚುಗಳ ಬಗ್ಗೆ ಒಂದೇ ಮಾತು. 2010ರಲ್ಲಿ ವಿನ್ಸೆಂಟ್ ಡ್ರೀಸೆನ್ ಬರೆದ ಗಿಟ್ ಫ್ಲೋ ಎಂಬ ಪದ್ಧತಿಯನ್ನು ನಾಲ್ಕು ಜನರ ಯೋಜನೆಗೂ ತಂದು ಹೇರುವವರಿದ್ದಾರೆ. ಸದಾ ಬದಲಾಗುವ ಜಾಲತಾಣಗಳಿಗೆ ಸರಳವಾದದ್ದೇ ಸಾಕು ಅಂತ ಆ ಮನುಷ್ಯನೇ 2020ರಲ್ಲಿ ಆ ಲೇಖನದ ಮೇಲೆ ಟಿಪ್ಪಣಿ ಹಾಕಿದ. ನಮ್ಮಲ್ಲಿ ಒಂದೇ ಬ್ರಾಂಚು. ಇನ್ನು "ದೊಡ್ಡವರೆಲ್ಲ ಗಿಟ್ಟೇ" ಅನ್ನುವವರಿಗೆ, ನಿಮ್ಮ ಜೇಬಿನ ಮೊಬೈಲಿನೊಳಗೆ ಕೂತಿರುವ ಎಸ್‌ಕ್ಯೂಲೈಟ್ ಗಿಟ್‌ನಲ್ಲಿಲ್ಲ. ಅದನ್ನು ಬರೆದ ರಿಚರ್ಡ್ ಹಿಪ್ ತಮಗೆ ಬೇಕಾದಂತೆ ಫಾಸಿಲ್ ಎಂಬ ಬೇರೆಯದನ್ನೇ ಕಟ್ಟಿಕೊಂಡು ಅದರಲ್ಲಿಟ್ಟಿದ್ದಾರೆ. ಅವರವರ ಕೆಲಸ ನೋಡಿ ಅವರವರ ಸಾಧನ.

ಒಂದು ಸಾಲಿಗೆ ಒಂದೇ ಅರ್ಥ ಬರೆಯುವ ಪದ್ಧತಿ ಇಟ್ಟುಕೊಂಡಿದ್ದರಿಂದ ನಮಗೆ ಮರ್ಜ್ ಜಗಳ ಕಡಿಮೆ. ಬಂದಾಗ ಮಾತ್ರ ಸ್ವಾರಸ್ಯವಾಗಿರುತ್ತದೆ. ಮೊನ್ನೆ "ಹಿಟ್ಟು" ಎಂಬ ಸಾಲಿನಲ್ಲಿ ಬೆಂಗಳೂರಿನವನು ಅರ್ಥವನ್ನು "ರಾಗಿ ಮುದ್ದೆ" ಅಂತ ತಿದ್ದಿದ. ಅದೇ ಹೊತ್ತಿಗೆ ಮೇಷ್ಟ್ರು ಶೀಟಿನಲ್ಲಿ ಪದವನ್ನೇ "ಇಟ್ಟು" ಮಾಡಿದ್ದರು, ನಮ್ಮ ಕಡೆ ಹಕಾರ ಉಚ್ಚರಿಸುವವರು ಯಾರು ಸ್ವಾಮಿ? ಗಿಟ್ ಎರಡನ್ನೂ ಮುಂದಿಟ್ಟು "ನೀವೇ ತೀರ್ಮಾನಿಸಿ" ಅಂದಿತು. ಹಕಾರ ಇಲ್ಲದ ರೂಪವನ್ನೇ ಮುಖ್ಯ ಪದ ಮಾಡಿದರೆ ಹೊರಗಿನವರು ಹುಡುಕುವುದು ಹೇಗೆ ಅಂತ ಅವನು. ಆಡುವ ಹಾಗೆ ಬರೆಯದಿದ್ದರೆ ಈ ಕೆಲಸ ಯಾಕೆ ಅಂತ ಮೇಷ್ಟ್ರು. ಫೋನಿನಲ್ಲಿ ಅರ್ಧ ಗಂಟೆ ನಡೆಯಿತು. ಕೊನೆಗೆ ಮುಖ್ಯ ಪದ "ಇಟ್ಟು", ಹುಡುಕಲು "ಹಿಟ್ಟು" ಕೂಡ ಸಿಗಬೇಕು ಅಂತಾಯಿತು. ಆ ಕಮಿಟ್‌ನ ಟಿಪ್ಪಣಿಯನ್ನು ಮೇಷ್ಟ್ರು ಹೇಳಿದರು, ನಾನು ಹಾಗೇ ಕನ್ನಡದಲ್ಲಿ ಬರೆದೆ, ಯಾಕೆ ಎಂಬ ಕಾರಣ ಸಮೇತ. "ಒಲ", "ಆಲು", "ಊವು" ಎಲ್ಲಕ್ಕೂ ಇನ್ನು ಇದೇ ನಿಯಮ. ಬೇಗೂರಿನ ಕಡತದಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚಿವೆ, ಈ ಭಾನುವಾರ ಕೂತು ತಿದ್ದಬೇಕು.

ಅಂದ ಹಾಗೆ, ಹಳೆಯ ನುಡಿ ಕಡತಗಳ ಅರ್ಕಾವೊತ್ತನ್ನು ಸರಿಯಾಗಿ ತಿರುಗಿಸುವ ಸ್ಕ್ರಿಪ್ಟು ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಕೊಡಿ ಮಾರಾಯ್ರೆ, ನಮ್ಮದು "ರ್ಯ" ಬಂದ ಕಡೆ ಇನ್ನೂ ಎಡವುತ್ತಿದೆ.